ಎದುರು ಪದ ಇಲ್ಲದ ಕ್ಯಾಸೆಟ್

ಜಗಳೂರಿನ ನಾವು ಮೂವರು ಸೇರಿ ಒಂದು ಕ್ಯಾಸೆಟ್ ಮಾಡಿದ್ದೆವು. ಅದೇ ಮೊದಲು, ಅದೇ ಕೊನೆ. ಹಾಡು ಕಟ್ಟಿದವನು ನಾನು. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಹಾಡಿದವನು ಪಕ್ಕದ ಅಂಗಡಿಯ ಟೈಲರ್. ಹಲಗೆ ಬಾರಿಸಿದವನು ಊರಾಚೆಯ ಕೇರಿಯವನು, ಸುತ್ತ ಹತ್ತೂರಿನಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಕ್ಯಾಸೆಟ್ಟಿನ ಮೇಲೆ ಒಂದು ಅಂದವಾದ ಹೆಸರು ಬರೆಸಿದ್ದೆವು. ಆ ಹೆಸರು ಹಿಡಿದು ಕೇಳಿದವರು ಒಬ್ಬರೂ ಇಲ್ಲ. ಜನ ಅಂಗಡಿಗೆ ಬಂದು ಕೇಳುತ್ತಿದ್ದದ್ದು, "ಆ ಬೈಗಳದ ಕ್ಯಾಸೆಟ್ ಐತೇನ್ರಿ?" ಎಂದೇ.

ಬೈಗಳವೇ, ಸುಳ್ಳೇನಲ್ಲ. ಎಂಬತ್ತರ ದಶಕದ ಆ ದಿನಗಳಲ್ಲಿ ಕ್ಯಾಸೆಟ್ ಎಂದರೆ ದೇವರ ಹಾಡು, ಇಲ್ಲ ಸಿನಿಮಾ ಹಾಡು. ನಾವು ಊರಿನ ದೊಡ್ಡವರನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗಿದಿದ್ದೆವು. ಕೇಳಿದವರು ಮೊದಲು ಹೆದರಿದರು, ಆಮೇಲೆ ನಕ್ಕರು, ಆಮೇಲೆ ಇನ್ನೊಂದು ಕಾಪಿ ಮಾಡಿಸಿಕೊಂಡರು.

ಮೊನ್ನೆ ನನ್ನ ತಂಗಿಯ ಮೊಮ್ಮಗ ಫೋನಿನಲ್ಲಿ ಯಾವುದೋ ಹಾಡು ಹಾಕಿ ನನ್ನ ಕಿವಿಗೆ ಹಿಡಿದ. ಬ್ರೆಜಿಲ್ ದೇಶದಲ್ಲಿ, ದೊಡ್ಡ ಪಟ್ಟಣಗಳಿಂದ ದೂರದ ಯಾವುದೋ ಸೀಮೆಯ ಹುಡುಗರು ಕಟ್ಟಿದ ಪಂಕ್ ರಾಕ್ ತಂಡವಂತೆ; ಅದು ಅವರ ಮೊದಲ ಆಲ್ಬಮ್ ಅಂತೆ. ಅದು ಗಿಟಾರೋ, ತಗಡು ಕೊರೆಯುವ ಮಿಷನ್ನೋ ನನಗೆ ಗೊತ್ತಾಗಲಿಲ್ಲ.

"ಏನಂತಾನೋ ಅವನು?" ಎಂದೆ.

"ಎಲ್ರನ್ನೂ ಬೈತಾನೆ ತಾತ. ಪೊಲೀಸ್ರು, ಪಾದ್ರಿ, ಸಾಹುಕಾರ, ಯಾರನ್ನೂ ಬಿಟ್ಟಿಲ್ಲ. ಆ ಕಾಲಕ್ಕೆ ದೊಡ್ಡ ಗಲಾಟೆ ಆಗಿತ್ತಂತೆ."

"ಬೈಸ್ಕೊಂಡೋರು ತಿರುಗಿ ಏನಂದ್ರಂತೆ?"

ಅವನಿಗೆ ಗೊತ್ತಿರಲಿಲ್ಲ. ಅದು ಆಲ್ಬಮ್ಮಿನಲ್ಲಿ ಇರುವುದಿಲ್ಲವಲ್ಲ. ಇಷ್ಟು ವರ್ಷ ಯಾರ ಮುಂದೂ ಆಡದ ಮಾತನ್ನು ಬರೆದಾದರೂ ಇಡೋಣ ಎಂದು ಕುಳಿತಿದ್ದೇನೆ.

ನಮ್ಮ ಕಡೆಯ ಕಾಮನ ಹಬ್ಬ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಕಾಮನನ್ನು ಸುಡುವ ಮುಂಚಿನ ಐದು ದಿನ ಹಲಗೆ ಹಿಡಿದು ಮನೆ ಮನೆಯ ಮುಂದೆ ನಿಂತು ಆ ಮನೆಯವರನ್ನು ಹಾಡಿನಲ್ಲಿ ಬೈಯುವುದು ವಾಡಿಕೆ. ಗೌಡನಿಗೂ ವಿನಾಯಿತಿ ಇಲ್ಲ, ಮೇಷ್ಟರಿಗೂ ಇಲ್ಲ. ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದವರಿಗೆ ಆ ಐದು ದಿನ ಬಾಯಿ ಬರುತ್ತಿತ್ತು. ಸಿಟ್ಟಾದವನೇ ಸೋತವನು. ಆದರೆ ಅದಕ್ಕೂ ಒಂದು ಕಟ್ಟು ಇತ್ತು. ನಾವು ಬೈದು ಮುಗಿಸಿದ ಮೇಲೆ ಹಲಗೆ ನಿಲ್ಲಿಸುವ ಹಾಗಿಲ್ಲ, ಮೆಲ್ಲಗೆ ಬಾರಿಸುತ್ತ ಕಾಯಬೇಕು. ಮನೆಯವರಲ್ಲಿ ಒಬ್ಬರು ಹೊಸ್ತಿಲಿಗೆ ಬಂದು ನಮ್ಮನ್ನು ತಿರುಗಿ ಬೈಯಬೇಕು. ಅದಕ್ಕೆ ಎದುರು ಪದ ಎನ್ನುತ್ತಿದ್ದರು. ಕೊನೆಯ ಮಾತು ಯಾವತ್ತೂ ಮನೆಯವರದು. ಅವರದು ಮುಗಿದ ಮೇಲೆ ನಾವು ಲಬೋ ಲಬೋ ಎಂದು ಬಾಯಿ ಬಡಿದುಕೊಂಡು, ಸೋತೆವೆಂದು ಒಪ್ಪಿ, ಅವರು ಕೊಟ್ಟ ಮಂಡಕ್ಕಿಯನ್ನೋ ಕಾಮನಿಗೆಂದು ಎರಡು ಸಗಣಿ ಕುಳ್ಳನ್ನೋ ಇಸಿದುಕೊಂಡು ಮುಂದಿನ ಮನೆಗೆ ಹೋಗಬೇಕು. ಕಾಮನನ್ನು ಸುಟ್ಟು, ಬಣ್ಣ ಆಡಿ, ಮೈ ತೊಳೆದುಕೊಂಡರೆ ಆಯಿತು. ಆಮೇಲೆ ಯಾರಾದರೂ ಆ ಪದದ ಒಂದು ಸಾಲು ಎತ್ತಿದರೂ ಹಿರಿಯರು ಬಿಡುತ್ತಿರಲಿಲ್ಲ. "ಹಬ್ಬ ಮುಗೀತಲೇ, ಬಾಯಿ ತೊಳ್ಕಂಡಿಲ್ಲೇನು?" ಎಂದು ಗದರುತ್ತಿದ್ದರು.

ಎದುರು ಪದದಲ್ಲಿ ಊರಿಗೇ ಮೊದಲು ಎಂದರೆ ಖಾನಾವಳಿ ಅಕ್ಕ. ಸೊಕ್ಕೆ ಎಂಬ ಹಳ್ಳಿಯ ಕಡೆಯ ಹೆಣ್ಣುಮಗಳು. ಗಂಡ ಎಂಬ ಮಹಾರಾಯ ಮಗಳು ಹುಟ್ಟಿದ ವರ್ಷವೇ ಒಂದು ಲಾರಿ ಹತ್ತಿ ಹೋದವನು, ಇಳಿದ ಸುದ್ದಿ ಇರಲಿಲ್ಲ. ಅವಳು ಬಸ್ ಸ್ಟ್ಯಾಂಡಿಗೆ ಹತ್ತಿಕೊಂಡಂತೆ ಒಂದು ಖಾನಾವಳಿ ಇಟ್ಟಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಡ್ರೈವರುಗಳು, ಕಂಡಕ್ಟರುಗಳು, ಕುರಿ ಮಾರಲು ಬಂದವರು, ನನ್ನಂಥ ಒಂಟಿ ಗಂಡಸರು, ಎಲ್ಲರ ಹೊಟ್ಟೆ ಅಲ್ಲೇ ತುಂಬಬೇಕು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಅಂಥ ಬಾಯಿ ಅವಳದು. ಯಾವನಾದರೂ ಮಾತು ಮೀರಿದರೆ, "ತಟ್ಟೆ ನೋಡ್ಕಂಡು ಉಣ್ಣಲೇ, ನನ್ನ ಮುಖದಾಗೆ ಉಪ್ಪಿನಕಾಯಿ ಇಟ್ಟಿಲ್ಲ" ಎಂದುಬಿಡುತ್ತಿದ್ದಳು. ಆಮೇಲೆ ಅವನಿಗೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಹಟ, ಮಗಳು ಟೀಚರಾಗಬೇಕು. ಮಗಳು ಹೊನ್ನಾಳಿ ಕಡೆ ನೆಂಟರ ಮನೆಯಲ್ಲಿದ್ದು ಟೀಚರ್ ಟ್ರೇನಿಂಗ್ ಓದುತ್ತಿದ್ದಳು. ಶನಿವಾರ ದಾವಣಗೆರೆ ಮೇಲೆ ಬರುವ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದಳು. "ನನ್ನ ಕೈ ಸುಟ್ಟಿದ್ದು ಸಾಕು ತಮ್ಮ. ಅದರ ಕೈಯಾಗೆ ಸೀಮೆಸುಣ್ಣ ಇರ್ಲಿ" ಎಂದು ಅಕ್ಕ ನನಗೆ ನೂರು ಸಲ ಹೇಳಿದ್ದಾಳೆ. ರೊಟ್ಟಿ ಬಡಿಯುವ ಕೈ ತೋರಿಸುತ್ತಿದ್ದಳು, ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

ಕಾಮನ ಹಬ್ಬಕ್ಕೆ ಅವಳ ಮೇಲೆ ಪದ ಕಟ್ಟುತ್ತಿದ್ದವನು ನಾನೇ. ಒಂದು ವರ್ಷ ಕಟ್ಟಿದ್ದು ಹೀಗಿತ್ತು:

ಹೊನ್ನಾಳಿ ಬಸ್ಸು ಹೊತ್ತಿಗೆ ಬರದು,
ಹೊತ್ತಿಗೆ ಬಂದರೆ ಹೊರಡದು ಹೊರಡದು,
ಯಾಕೋ ಡ್ರೈವರಣ್ಣ?
ಅಕ್ಕನ ರೊಟ್ಟಿ ಬಿಸಿ ಬಿಸಿ ಐತೋ,
ಅಕ್ಕನ ಬಾಗಿಲು ತೆರಕಂಡೈತೋ,
ಬ್ರೇಕು ಹಿಡೀತಣ್ಣ!

ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಹೊಸ್ತಿಲಿಗೆ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹಲಗೆಯವನಿಗೆ ಕೈ ಮಾಡಿ ಲಯ ಸ್ವಲ್ಪ ಇಳಿಸಿಕೊಂಡು ಡ್ರೈವರುಗಳ ಕಡೆ ತಿರುಗಿದಳು.

ತೆರದೇ ಐತೋ ನನ್ನ ಬಾಗಿಲು,
ಹಸದು ಬಂದೋರಿಗೆ ಹಾಕಿಲ್ಲ ಅಗಳಿ;
ಮುಚ್ಚೈತಲ್ಲೋ ನಿನ್ನ ಮನಿ ಬಾಗಿಲು,
ಹೆಂಡ್ತಿ ಒಳಗೆ, ನೀನು ಹೊರಗೆ,
ಉಂಡು ಹೋಗೋ ತಮ್ಮ!

ಅವತ್ತು ಸ್ಟ್ಯಾಂಡಿನಲ್ಲಿದ್ದ ಡ್ರೈವರುಗಳೇ ಎಲ್ಲರಿಗಿಂತ ಜೋರಾಗಿ ಲಬೋ ಲಬೋ ಹೊಯ್ದುಕೊಂಡರು. ನಾನೂ ಹೊಯ್ದುಕೊಂಡೆ. ಒಳಗೊಳಗೆ ಮಾತ್ರ ಅದು ನನಗೆ ಹಿಡಿಸಲಿಲ್ಲ. ನಾನು ಎಂಟು ದಿನ ಕೂತು ಕಟ್ಟಿದ್ದನ್ನು ಅವಳು ಹಿಟ್ಟಿನ ಕೈಯಲ್ಲಿ ನಿಂತ ನಿಲುವಿನಲ್ಲಿ ಮುರಿದಿದ್ದಳು.

ಮಾರನೆಯ ವರ್ಷ ನನ್ನ ಅಂಗಡಿಗೆ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಬಂತು. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಬಹುದು. ಟೈಲರ್ ಅದನ್ನು ಸವರಿ ನೋಡಿ, "ನಮ್ಮ ಪದ ಯಾಕೆ ಹಾಕ್ಬಾರ್ದಲೇ? ಐದು ದಿನಕ್ಕೆ ಯಾಕೆ, ವರ್ಷಾನೂ ಬಯ್ಯಾನ" ಎಂದ. ನಮ್ಮ ತಲೆಗೆ ಹೊಳೆದದ್ದು ಅಷ್ಟೇ. ಕಾಮನ ಪದಕ್ಕೆ ಯಾರು ಸಿಟ್ಟಾಗುತ್ತಾರೆ ಎಂದುಕೊಂಡೆವು. ಹಬ್ಬಕ್ಕೆ ಮುಗಿಯುವ ಒಂದು ದಿನ ಇರುತ್ತದೆ, ಟೇಪಿಗೆ ಇರುವುದಿಲ್ಲ ಎಂಬುದು ಮೂವರು ಗಂಡಸರಲ್ಲಿ ಒಬ್ಬನ ಬುದ್ಧಿಗೂ ಬರಲಿಲ್ಲ.

ರೆಕಾರ್ಡ್ ಮಾಡಿದ್ದು ಟೈಲರನ ಪರಿಚಯದವರ ಶೇಂಗಾ ಗೋಡೌನಿನಲ್ಲಿ. ನಾಲ್ಕೂ ಕಡೆ ಚೀಲ ಒಟ್ಟಿದ್ದರಿಂದ ಧ್ವನಿ ಗುಂಯ್ ಎನ್ನುತ್ತಿರಲಿಲ್ಲ. ಇದ್ದದ್ದು ಒಂದೇ ಮೈಕು. ಅದನ್ನು ಜಂತೆಗೆ ಕಟ್ಟಿ ಇಳಿಬಿಟ್ಟು, ಕೆಳಗೆ ಟೈಲರನನ್ನು ನಿಲ್ಲಿಸಿದೆ. ಹಲಗೆ ಹತ್ತಿರ ಬಂದರೆ ಟೇಪಿನಲ್ಲಿ ಅದೊಂದೇ ಕೇಳುತ್ತಿತ್ತು. ಹೀಗಾಗಿ ಹಲಗೆಯವನು ಬಾಗಿಲ ಹೊರಗೆ ಬಿಸಿಲಲ್ಲಿ ನಿಲ್ಲಬೇಕಾಯಿತು. ಎರಡು ಪದಕ್ಕೊಮ್ಮೆ ಅವನು ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುವುದು, ಗೋಡೌನಿನ ಯಜಮಾನ ಓಡಿ ಬಂದು, "ಶೇಂಗಾ ಹುರೀತೀಯೇನಲೇ?" ಎಂದು ಕೂಗುವುದು. "ಹೋಟ್ಲಾಗೂ ಹೊರಗೆ, ಹಾಡೋ ಕಡೆನೂ ಹೊರಗೆ ನಿಲ್ಸಿದ್ರಲ್ಲ ಅಣ್ಣ" ಎಂದು ಹಲಗೆಯವನು ನಕ್ಕ. ನಾವೂ ನಕ್ಕೆವು. ಕೇರಿಯವರಿಗೆಂದು ಗೋಡೆಗೂಡಿನಲ್ಲಿ ಬೇರೆ ಲೋಟ ಇಟ್ಟ ಹೋಟೆಲಿನವನ ಮೇಲೂ ಒಂದು ಪದ ಕಟ್ಟಿದ್ದೆವು, ಅದರ ಗತ್ತೇನು ಕೇಳುತ್ತೀರಿ.

ಗತ್ತು ಹಾಳಾಗಲಿ. ನಿಜ ಏನೆಂದರೆ, ಹಾಡುವ ಹಿಂದಿನ ದಿನ ನಾನೂ ಟೈಲರನೂ ಕೂತು ಪದಗಳನ್ನೆಲ್ಲ ಒಂದೊಂದಾಗಿ ಹುಷಾರು ಮಾಡಿದ್ದೆವು. ಕೆರೆಯ ಹೂಳೆತ್ತದೆ ಬಿಲ್ಲಿನ ದುಡ್ಡು ಎತ್ತಿದವನ ಪದದಿಂದ ಊರಿನ ಹೆಸರು ತೆಗೆದೆವು. ಜೀಪಿನಲ್ಲಿ ಓಡಾಡುವ ಪುಢಾರಿಯ ಪದದಿಂದ ಜೀಪಿನ ಬಣ್ಣ ತೆಗೆದೆವು. ಹೋಟೆಲನ್ನು ಬೇರೆ ಊರಿಗೆ ಒಯ್ದೆವು. ಯಾರಾದರೂ ಬಂದು ಇದು ನಾನೇ ಎಂದರೆ ತಪ್ಪು ಒಪ್ಪಿಕೊಂಡ ಹಾಗೆ. ಹೀಗಾಗಿ ಯಾವ ದೊಡ್ಡ ಮನುಷ್ಯನೂ ಬಾಯಿ ಬಿಡಲಾರ ಎಂಬುದು ನಮ್ಮ ಲೆಕ್ಕ. ಹಾಗೆಯೇ ಆಯಿತು ಕೂಡ. ಅಕ್ಕನ ಪದದಿಂದ ಮಾತ್ರ ಏನನ್ನೂ ತೆಗೆಯಲಿಲ್ಲ. ಬಸ್ಸು ಅದೇ, ರೊಟ್ಟಿ ಅದೇ, ಬಾಗಿಲು ಅದೇ. "ಅಕ್ಕ ಏನಂತಾಳೆ ಬಿಡು, ನಮ್ಮಕ್ಕ ಅಲ್ವಾ?" ಎಂದ ಟೈಲರ್. ಹೂಂ ಎಂದೆ. ದಿನಕ್ಕೆರಡು ಹೊತ್ತು ಉಣ್ಣುತ್ತಿದ್ದ ಮನೆ ಅದು. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ.

ಅವಳ ಪದ ಹಾಡುವಾಗ ಹಲಗೆಯವನು ಬಾರಿಸುವುದನ್ನು ನಿಲ್ಲಿಸಲೇ ಇಲ್ಲ. ಪದ ಮುಗಿದರೂ ಮೆಲ್ಲಗೆ ಬಾರಿಸುತ್ತಲೇ ಇದ್ದ. ನಾನು ಸನ್ನೆ ಮಾಡಿದರೆ ತಲೆ ಅಲ್ಲಾಡಿಸಿದ. "ಮನಿಯೋರ ಪದ ಆಗ್ದೆ ಹಲಗೆ ಇಳಸ್ಬಾರ್ದು ಅಣ್ಣ. ಅಕ್ಕನ್ನ ಕರಸ್ರಿ."

ಹೇಳಿಕಳಿಸಿದೆವು. ಮಧ್ಯಾಹ್ನದ ಊಟದ ಗದ್ದಲ ಮುಗಿಸಿಕೊಂಡು ಅಕ್ಕ ಬಂದಳು. ಮೈಕನ್ನು ನೋಡಿ, "ಇದೇನು ತಮ್ಮ, ಹಾಗಲಕಾಯಿ ಕಟ್ಟಿದಂಗೆ ಕಟ್ಟಿದೀಯ" ಎಂದಳು. ಆಮೇಲೆ ಸೆರಗು ಸಿಕ್ಕಿಸಿ, ಒಂದೇ ಉಸಿರಿಗೆ ತನ್ನ ಎದುರು ಪದ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಕೊನೆಯ 'ಉಂಡು ಹೋಗೋ ತಮ್ಮ' ಬಂದಾಗ ನನ್ನ ಕಡೆ ತಿರುಗಿ, ಕೈ ತಿರುವಿ ಹೇಳಿದಳು. ಟೈಲರ್ ನಕ್ಕು ನಕ್ಕು ಶೇಂಗಾ ಚೀಲದ ಮೇಲೆ ಬಿದ್ದ. ಹೊರಗಿದ್ದವನು ಹಲಗೆಯನ್ನು ಒಂದು ಸುತ್ತು ಜಾಸ್ತಿಯೇ ಮೊಳಗಿಸಿ ಇಳಿಸಿದ. "ಶನಿವಾರ ಮಗಳು ಬರ್ತಾಳೆ, ಅಷ್ಟರಾಗೆ ಕ್ಯಾಸೆಟ್ ಕೊಡು. ಅವ್ವನ ಧ್ವನಿ ಟೇಪಿನಾಗೆ ಕೇಳ್ಲಿ" ಎಂದು ಹೇಳಿ ಅಕ್ಕ ಹೋದಳು.

ಮಾರನೆಯ ದಿನ ಅಂಗಡಿಯಲ್ಲಿ ಒಬ್ಬನೇ ಕೂತು ಟೇಪ್ ಕೇಳಿದೆ. ಹದಿನಾಲ್ಕು ಪದದಲ್ಲಿ ಕಿವಿಯಲ್ಲಿ ಉಳಿಯುತ್ತಿದ್ದದ್ದು ಅವಳದೊಂದೇ. ಉಳಿದವು ಬರೀ ಕೂಗಾಟ. ಅವಳದು ಬಂದ ಮೇಲೆ ನನ್ನ ಪದ ಉಪ್ಪಿಲ್ಲದ ಸಾರಾಗುತ್ತಿತ್ತು. ಎರಡು ಸಲ ಕೇಳಿದೆ, ಮೂರು ಸಲ ಕೇಳಿದೆ. ಜನ ನಾಳೆ ಕ್ಯಾಸೆಟ್ ಕೇಳಿ ಏನೆಂದಾರು? ಹಾಡು ಕಟ್ಟಿದವನನ್ನು ರೊಟ್ಟಿ ಬಡಿಯುವವಳು ಹೊಡೆದು ಹಾಕಿದಳು ಎಂದಾರು. ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಬೇರೆಯವರಿಗೆ ಬಳಸಿದ್ದೆ, ನನಗೆ ಬಳಸಿಕೊಂಡಿರಲಿಲ್ಲ. ಕಾಪಿ ಮಾಡುವಾಗ ಅವಳ ಪದ ಬರುವ ಹೊತ್ತಿಗೆ ಗುಂಡಿ ಒತ್ತಿ ನಿಲ್ಲಿಸಿದೆ. ಅದು ಮುಗಿದ ಮೇಲೆ ಮತ್ತೆ ಶುರು ಮಾಡಿದೆ. ಅಷ್ಟೇ ಕೆಲಸ, ಎರಡು ಸಲ ಬೆರಳು ಒತ್ತುವುದು.

"ಅಕ್ಕಂದು?" ಎಂದ ಟೈಲರ್.

"ಜಾಗ ಸಾಲ್ಲಿಲ್ಲ."

"ಬಿಡು ಹೋಗ್ಲಿ. ಗಂಡಸ್ರ ಕ್ಯಾಸೆಟ್ಟಿನಾಗೆ ಹೆಂಗಸಿನ ಧ್ವನಿ ಚೆನ್ನಾಗಿರಲ್ಲ" ಎಂದ ಅವನು. ಜಾಗ ಇತ್ತು. ಕೊನೆಯ ಪದ ಮುಗಿದ ಮೇಲೂ ಮೂರು ನಿಮಿಷದ ಖಾಲಿ ಟೇಪು ಸುಯ್ ಎನ್ನುತ್ತ ಓಡುತ್ತಿತ್ತು.

ಶನಿವಾರ ಮಗಳು ಬಸ್ಸು ಇಳಿದು ಬಂದಿದ್ದಳು. ಖಾನಾವಳಿಯಲ್ಲಿ ಊಟಕ್ಕೆ ಕೂತವರು ಹತ್ತು ಹನ್ನೆರಡು ಮಂದಿ, ಅವರಲ್ಲಿ ನಾನೂ ಒಬ್ಬ. ಅಕ್ಕ ಯಾರಿಂದಲೋ ಟೇಪ್ ರೆಕಾರ್ಡರ್ ತರಿಸಿ ನಮ್ಮ ಕ್ಯಾಸೆಟ್ ಹಾಕಿಸಿದಳು. ತನ್ನ ಮೇಲಿನ ಪದ ಶುರುವಾದ ಕೂಡಲೇ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. ಜನ ನಗುತ್ತಿದ್ದರು. ಅವಳು ಅಂಗೈ ಎತ್ತಿ, "ಸುಮ್ಕಿರ್ರಲೇ, ಈಗ ನಂದು ಬರ್ತೈತೆ" ಎಂದಳು. ಎಲ್ಲರೂ ಸುಮ್ಮನಾದರು. ಬಂದದ್ದು ಹೋಟೆಲಿನವನ ಪದ.

ಒಬ್ಬ ಲಾರಿಯವನು ಕಿಸಕ್ಕನೆ ನಕ್ಕ. ಅಕ್ಕ ನನ್ನ ಕಡೆ ನೋಡಿದಳು. "ಹಿಂದ್ಗಡೆ ಐತೇನೋ ತಮ್ಮ?"

"ಇರ್ಬೇಕಕ್ಕ" ಎಂದೆ. ಕೈ ತೊಳೆದುಕೊಂಡು ಅಂಗಡಿಗೆ ಬಂದುಬಿಟ್ಟೆ. ರಸ್ತೆಯ ಈಚೆ ಕೂತರೂ ಎಲ್ಲ ಕೇಳುತ್ತಿತ್ತು. ಅವಳು ಹಿಂಬದಿಯನ್ನೂ ಪೂರ್ತಿ ಹಾಕಿಸಿ ಕೇಳಿದಳು, ಕೊನೆಯ ಸುಯ್ ಎನ್ನುವ ಸದ್ದಿನ ತನಕ.

ಕ್ಯಾಸೆಟ್ ಓಡಿತು. ಆಗ ಖಾಸಗಿ ಬಸ್ಸುಗಳಲ್ಲಿ ಟೇಪು ಹೊಸದಾಗಿ ಬಂದ ಕಾಲ. ಡ್ರೈವರುಗಳೇ ಕೊಂಡೊಯ್ದು ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ತನಕ ಹಬ್ಬಿಸಿದರು. ಚನ್ನಗಿರಿಯ ಸ್ಟ್ಯಾಂಡಿನಲ್ಲಿ ಅಡಿಕೆ ವ್ಯಾಪಾರದವರು ಅದನ್ನು ಕೇಳಿ ಕುಣಿಯುವುದನ್ನು ಕಣ್ಣಾರೆ ನೋಡಿ ಬಂದೆ. ಟೈಲರನನ್ನು ಜನ ಬಸ್ಸಿನಲ್ಲಿ ನಿಲ್ಲಿಸಿ ಹಾಡಿಸುತ್ತಿದ್ದರು. ಆದರೆ ಅವರಿಗೆ ಬೇಕಾಗಿದ್ದದ್ದು ಕೆರೆಯ ಪದವಲ್ಲ, ಲೋಟದ ಪದವಲ್ಲ. "ಆ ಬ್ರೇಕಿನ ಹಾಡು ಹಾಕ್ರಿ!" ದೊಡ್ಡವರನ್ನು ನಡುಗಿಸುತ್ತೇವೆ ಎಂದು ಹೊರಟವರು ನಾವು. ಜನಕ್ಕೆ ಅವರೆಲ್ಲ ಯಾರೆಂದೇ ತಿಳಿಯಲಿಲ್ಲ. ತಿಳಿದದ್ದು ಅಕ್ಕ ಒಬ್ಬಳೇ.

ಮೊದಮೊದಲು ಅಕ್ಕ ತಡೆದುಕೊಂಡಳು. ಯಾವನೋ ಬಾಗಿಲಲ್ಲಿ ನಿಂತು, "ಬ್ರೇಕು ಹಿಡೀತಣ್ಣ" ಎಂದರೆ ಅವಳು ತನ್ನ ಎದುರು ಪದ ಹೇಳಿಬಿಡುತ್ತಿದ್ದಳು. ಆದರೆ ಹಾಗೆ ಎಷ್ಟು ಜನಕ್ಕೆ ಹೇಳಿಯಾಳು? ನ್ಯಾಮತಿ ಬಸ್ಸಿನಲ್ಲಿ ಕೂತು ನಗುವವನ ಕಿವಿಗೆ ಅದು ಮುಟ್ಟುವುದಾದರೂ ಹೇಗೆ? ಊಟಕ್ಕೆ ಬರುವವರ ರೀತಿಯೇ ಬದಲಾಯಿತು. ಸಂಸಾರಸ್ಥರು, ಸಂತೆಗೆ ಬಂದ ಹೆಂಗಸರು ಬರುವುದು ಬಿಟ್ಟರು. ಹಲ್ಲು ಕಿರಿಯುವವರು ಮಾತ್ರ ಉಳಿದರು.

ಅದಕ್ಕೂ ಹೆಚ್ಚು ಪೆಟ್ಟು ಬಿದ್ದದ್ದು ಮಗಳಿಗೆ. ಅವಳು ಹತ್ತುವ ಬಸ್ಸೇ ಹೊನ್ನಾಳಿ ಬಸ್ಸು. ಅವಳು ಹತ್ತಿದ ಕೂಡಲೇ ಯಾವನಾದರೂ ಆ ಹಾಡು ಹಾಕಿಸುತ್ತಿದ್ದ. ಇಳಿಯುವಾಗ ಶಿಳ್ಳೆ, "ಬ್ರೇಕು, ಬ್ರೇಕು" ಎಂಬ ಕೂಗು. ಅವಳು ಶನಿವಾರ ಬರುವುದನ್ನು ಬಿಟ್ಟಳು. ಆಮೇಲೆ ಒಂದು ಬುಧವಾರ ಟ್ರಂಕು ಸಮೇತ ಬಂದಳು. ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಮಾರನೆಯ ದಿನ ಊಟಕ್ಕೆ ಹೋದಾಗ ತಾಯಿಯ ಪಕ್ಕ ಕೂತು ಹಿಟ್ಟು ನಾದುತ್ತಿದ್ದಳು. ನನ್ನನ್ನು ಕಂಡು ಒಳಗೆ ಹೋದಳು. ಆದರೂ ಕೂತು ರೊಟ್ಟಿ ತಿಂದೆ, ನಾಚಿಕೆ ಎಲ್ಲಿತ್ತು ನನಗೆ?

ಆ ವಾರವೇ ಅಕ್ಕ ನನ್ನ ಅಂಗಡಿಗೆ ಬಂದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತಮ್ಮ, ನಿಮ್ಮ ಪದ ತೆಗಿ ಅನ್ನಾಕೆ ಬಂದಿಲ್ಲ ನಾನು" ಎಂದಳು. "ಹಬ್ಬದಾಗೆ ನೀವು ಬೈದ್ರಿ, ನಾನೂ ಬೈದೆ. ನಂದೂ ಹಾಕು ಅಂತೀನಿ, ಅಷ್ಟೇ. ಕೇಳಿದೋರು ಇಬ್ರದ್ದೂ ಕೇಳ್ಲಿ. ನನ್ನ ಪದ ಬಸ್ಸಿನಾಗೆ ಬಂದ್ರೆ ಮಗಳು ತಲೆ ಎತ್ಕಂಡು ಕೂತಾಳು. ಪರೀಕ್ಷೆಗೆ ಇನ್ನೂ ಟೈಮ್ ಐತೆ."

ಆ ಮೂಲ ಟೇಪು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅವಳ ಕೈ ಊರಿದ್ದ ಜಾಗದಿಂದ ಒಂದು ಗೇಣು ಕೆಳಗೆ. ತೆಗೆದು ಹಾಕಿದ್ದರೆ ಒಂದು ವಾರದಲ್ಲಿ ಹೊನ್ನಾಳಿ ತನಕ ಹೋಗುತ್ತಿತ್ತು. ಆದರೆ ಆಗ ಎಲ್ಲರೂ ಕೇಳುತ್ತಿದ್ದರು, ಇದನ್ನು ಮೊದಲು ಯಾಕೆ ಹಾಕಲಿಲ್ಲ ಎಂದು. ಹಲಗೆಯವನು ಕೇಳುತ್ತಿದ್ದ. ಅವಳೂ ಕೇಳುತ್ತಿದ್ದಳು. ನನ್ನ ಬಾಯಿಂದ ಬಂದದ್ದು, "ಅಕ್ಕ, ನಿನ್ನ ಪದ ಇದ್ದ ಟೇಪು ಮಿಷನ್ನಿಗೆ ಸಿಕ್ಕು ಕೆಟ್ಟೋಯ್ತು" ಎಂಬ ಸುಳ್ಳು.

"ಪೂರ್ತಿ ಕೆಟ್ಟೋತಾ?"

"ಪೂರ್ತಿ."

"ಮತ್ತೆ ಹೇಳ್ಲಾ ಹಂಗಾದ್ರೆ? ಈಗ್ಲೇ ಹೇಳ್ತೀನಿ."

"ಮೈಕು ಬೇರೆಯೋರಿಗೆ ಕೊಟ್ಟಿದೀನಕ್ಕ. ಎರಡನೇ ಕ್ಯಾಸೆಟ್ಟಿಗೆ ನಿಂದೇ ಮೊದಲ್ನೇ ಪದ" ಎಂದೆ.

"ಆತು ತಮ್ಮ" ಎಂದು ಇಳಿದು ಹೋದಳು. ಆ ಸಂಜೆ ಒಬ್ಬರು ಮದುವೆ ಮನೆಗೆಂದು ಸಿನಿಮಾ ಹಾಡು ತುಂಬಿಸಿಕೊಳ್ಳಲು ಬಂದರು. ಹೊಸ ಕ್ಯಾಸೆಟ್ಟುಗಳು ಎದುರಿಗೇ ಇದ್ದವು. ನಾನು ಡ್ರಾಯರಿನಿಂದ ಅದೇ ಟೇಪು ತೆಗೆದು ಅದರ ಮೇಲೆ ಅವರ ಹಾಡು ತುಂಬಿಸಿ ಕೊಟ್ಟೆ. ಹೇಳಿದ ಸುಳ್ಳು ನಿಜವಾಗಲಿ ಎಂದು. ಥೂ, ಬರೆಯುವಾಗಲೂ ಕೈ ಹೇಸುತ್ತದೆ.

ಮುಂದಿನ ಕಾಮನ ಹಬ್ಬ ಬಂತು. ನಾವು ಹಲಗೆ ಹಿಡಿದು ಖಾನಾವಳಿಯ ಮುಂದೆ ನಿಂತಾಗ ಹಿಂದೆಂದೂ ಇಲ್ಲದಷ್ಟು ಜನ, ಬೇರೆ ಊರಿನವರೂ ಬಂದಿದ್ದರು. ನಾನು ಹೊಸ ಪದ ಕಟ್ಟಿದ್ದೆ. ಅದನ್ನು ಯಾರೂ ಕೇಳಲಿಲ್ಲ. ಅವರೇ ಬ್ರೇಕಿನ ಹಾಡು ಶುರು ಮಾಡಿದರು. ಮುಗಿದ ಮೇಲೆ ಹಲಗೆಯವನು ಮೆಲ್ಲಗೆ ಬಾರಿಸುತ್ತ ಕಾದ. ಬಾಗಿಲು ತೆರೆಯಲಿಲ್ಲ. ಬಹಳ ಹೊತ್ತು ಬಾರಿಸಿದ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

ಅವನು ಹಲಗೆ ಇಳಿಸಿ ನನ್ನ ಹತ್ತಿರ ಬಂದ. "ಅಣ್ಣ, ಗೋಡೌನಿನಾಗೆ ನಾನು ಎರಡು ಪದಕ್ಕೆ ಬಾರ್ಸಿದ್ದೆ. ನೀವು ಊರಿಗೆ ಒಂದನ್ನೇ ಹಂಚಿದ್ರಿ. ಲೋಟ ಬೇರೆ ಇಡೋನಿಗೂ ನಿಮಗೂ ಏನ್ರಿ ವ್ಯತ್ಯಾಸ?" ಎಂದ. ಅವನು ಮತ್ತೆ ನಮ್ಮ ಜೊತೆ ಬಾರಿಸಲಿಲ್ಲ. ಟೈಲರನಿಗೂ ನನಗೂ ಮಾತು ಕಡಿಮೆಯಾಯಿತು. ಎರಡನೇ ಕ್ಯಾಸೆಟ್ ಹಾಗೇ ಸತ್ತಿತು.

ಆ ಬೇಸಿಗೆಯಲ್ಲಿ ಅಕ್ಕ ಖಾನಾವಳಿ ಮುಚ್ಚಿದಳು. ಯಾರಿಗೂ ಹೇಳದೆ ತಾಯಿ ಮಗಳು ಊರು ಬಿಟ್ಟರು. ನ್ಯಾಮತಿಯಲ್ಲಿದ್ದಾರೆ ಎಂದು ಒಬ್ಬ ಡ್ರೈವರ್ ಹೇಳುವ ಹೊತ್ತಿಗೆ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ನನ್ನ ಕ್ಯಾಸೆಟ್ಟನ್ನು ಜನ ಮರೆತಿದ್ದರು. ನಾನು ಮರೆತಿರಲಿಲ್ಲ. ಹೋಗಿ ನಿಜ ಹೇಳಿಬಿಡಬೇಕು, ಕಾಲಿಗೆ ಬೀಳಬೇಕು, ಅವಳು ಬೈದಷ್ಟೂ ಬೈಸಿಕೊಳ್ಳಬೇಕು ಎಂದು ಹೊರಟೆ. ಬಸ್ಸಿನಲ್ಲಿ ಕೂತು ಮಾತು ಹೊಂದಿಸಿಕೊಂಡೆ. ಟೇಪು ಕೆಟ್ಟಿರಲಿಲ್ಲ ಅಕ್ಕ, ನಾನೇ ತೆಗೆದೆ. ಇಷ್ಟೇ ಮಾತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ.

ನ್ಯಾಮತಿಯ ರಸ್ತೆಬದಿಯಲ್ಲಿ ಸಣ್ಣದೊಂದು ಖಾನಾವಳಿ. ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಲಂಬಾಣಿ ಹೆಂಗಸರು ನಾಲ್ಕೈದು ಮಂದಿ ಊಟಕ್ಕೆ ಕೂತಿದ್ದರು. ಒಲೆಯ ಮುಂದೆ ಮಗಳು. ತಾಯಿ ಕೂರುತ್ತಿದ್ದ ಹಾಗೆಯೇ ಒಂದು ಮೊಣಕಾಲು ಎತ್ತಿ ಕೂತಿದ್ದಳು. ನನ್ನನ್ನು ಕೂಡಲೇ ಗುರುತಿಸಿದಳು. "ಜಗಳೂರು ರೇಡಿಯೋ ಅಂಗಡಿಯೋರಲ್ವೇನ್ರಿ? ಕೂತ್ಕಳ್ರಿ" ಎಂದಳು. ತಟ್ಟೆ ಇಟ್ಟು ರೊಟ್ಟಿ ಹಾಕಿದಳು. ಅವಳ ಬೆರಳ ತುದಿಗಳು ಕಪ್ಪಾಗಿದ್ದವು.

"ಅಕ್ಕ ಎಲ್ಲಮ್ಮ?" ಎಂದೆ.

"ಅವ್ವ ಹೋಗಿ ಎಂಟು ತಿಂಗ್ಳಾತು."

ಅವಳು ಹೆಂಗಸರಿಗೆಲ್ಲ ಬಡಿಸಿ ಬಂದು ನನ್ನೆದುರು ನಿಂತಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನು ನಿಮ್ಮನ್ನ ಭಾಳ ಬೈದಿದೀನ್ರಿ. ಹಾಡು ಕಟ್ಟಿದೋನ ಕೈ ಸೇದಿಹೋಗ್ಲಿ ಅಂತಿದ್ದೆ. ಅವ್ವ ಬಿಡ್ತಿರ್ಲಿಲ್ಲ. ಬೈಬ್ಯಾಡ ಕಣೆ, ಆ ತಮ್ಮ ನನ್ನ ಪದಾನೂ ಹಾಕೋನಿದ್ದ, ಟೇಪು ಕೆಟ್ಟೋತು, ಅವನೇನು ಮಾಡ್ಯಾನು, ನನ್ನ ಕೈಯಾಗೆ ಉಂಡೋನು ಮೋಸ ಮಾಡಲ್ಲ ಅಂತಿದ್ಲು. ಸಾಯೋ ಹಿಂದಿನ ವಾರಾನೂ ಅದನ್ನೇ ಅಂದ್ಲು."

ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ನಾಲಿಗೆಯ ಮೇಲೇ ಇತ್ತು.

"ನಿಜಾನೇ ಏನ್ರಿ ಅದು?" ಎಂದಳು. "ಟೇಪು ಕೆಟ್ಟಿತ್ತಾ?"

"ಹೌದಮ್ಮ, ಕೆಟ್ಟಿತ್ತು" ಎಂದೆ.

"ಹಂಗಾದ್ರೆ ಸರಿ ಬಿಡ್ರಿ" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಅದನ್ನೂ ತಿಂದೆ.